ಬಂದಿದೆ, ಬಂದಿದೆಯಂತೆ

ಬಾನುಲಿ ಕೇಳುಗರಿಗೆ ನಮಸ್ಕಾರ.

ನೀರು ಬಂದಿದೆ. ನೀರು ಬಂದಿದೆಯಂತೆ. ನೀರು ಬರಬಹುದು. ನೀರು ಬರಬೇಕು. ಮಳವಳ್ಳಿ ಕಡೆಯ ನಾಲೆ ಬಯಲಿನಲ್ಲಿ ಬೆಳೆದ ನನಗೆ ಈ ನಾಲ್ಕು ಮಾತು ನಾಲ್ಕು ಬೇರೆ ಬೇರೆ ಮನುಷ್ಯರ ಹಾಗೆ. ಮೊದಲನೆಯವನು ಕಂಡವನು, ಎರಡನೆಯವನು ಕೇಳಿದವನು, ಮೂರನೆಯವನು ಅಂದಾಜು ಹಾಕುವವನು. ನಾಲ್ಕನೆಯವನ ಗದ್ದೆ ಒಣಗುತ್ತಿದೆ.

ಮಾತಿನ ಬಾಲಕ್ಕೊಂದು 'ಅಂತೆ' ಸೇರಿಸಿದರೆ ಸಾಕು, ಇದು ನಾನು ಕಂಡದ್ದಲ್ಲ, ಇನ್ನೊಬ್ಬರು ಹೇಳಿದ್ದು ಎಂದು ಕೇಳುವವರಿಗೆ ತಿಳಿದುಬಿಡುತ್ತದೆ. ಇಷ್ಟು ಚೆಂದದ ಏರ್ಪಾಡು ನಮ್ಮ ನುಡಿಯಲ್ಲೇ ಇದೆ. ವಾದಕ್ಕೆ ಕೂತ ಕೂಡಲೇ ಅದನ್ನು ಕೈಬಿಡುತ್ತೇವೆ. ಬೆಳಿಗ್ಗೆ ಅರಳಿಕಟ್ಟೆಯಲ್ಲಿ 'ನಾಲೆಗೆ ಬಿಡ್ತಾರಂತೆ' ಆಗಿದ್ದದ್ದು ಮಧ್ಯಾಹ್ನ ಟೀ ಅಂಗಡಿಯಲ್ಲಿ 'ಬಿಡ್ತಾರೆ' ಆಗುತ್ತದೆ. ಸಂಜೆ ಹಾಲು ಹಾಕಲು ಡೈರಿ ಮುಂದೆ ನಿಂತಾಗ 'ಬಿಟ್ಟೇಬಿಟ್ರು'. ಯಾರೂ ಬೇಕೆಂದು ಸುಳ್ಳು ಹೇಳಿರುವುದಿಲ್ಲ. ಒಂದೊಂದು ಬಾಯಿ ದಾಟುವಾಗ ಒಂದೊಂದು ಅಕ್ಷರ ಉದುರಿರುತ್ತದೆ.

ಒಂದು ಬರದ ವರ್ಷ ನನಗೂ ನನ್ನ ಭಾವನಿಗೂ ಮಾತೇ ನಿಂತುಹೋಗಿತ್ತು. ಅವರ ಊರು ಪಾಂಡವಪುರದ ಹತ್ತಿರ. ಕನ್ನಂಬಾಡಿ ಅಣೆಕಟ್ಟೆಯಿಂದ, ಅಂದರೆ ಕೃಷ್ಣರಾಜಸಾಗರದಿಂದ, ಹೊರಡುವ ವಿಶ್ವೇಶ್ವರಯ್ಯ ನಾಲೆಯ ನೀರು ಬೇಗ ಕಾಣುವ ಸೀಮೆ. ನಮ್ಮದು ನಾಲೆಯ ಕೊನೆ ಭಾಗ. ಹಬ್ಬದೂಟ ಮುಗಿಸಿ ಜಗಲಿ ಮೇಲೆ ಕೂತಿದ್ದಾಗ ಅವರು ಹೇಳಿದರು: "ಕನ್ನಂಬಾಡಿ ನೂರಡಿ ಐತೆ, ನಾನೇ ನೋಡ್ಕೊಂಡು ಬಂದೆ. ನೂರಿಪ್ಪತ್ನಾಲ್ಕಕ್ಕೆ ನೂರು ಅಂದ್ರೆ ಮುಕ್ಕಾಲಿಗಿಂತ ಜಾಸ್ತಿ. ಭತ್ತ ಹಾಕಕ್ಕೇನು ಅಡ್ಡಿ?" ನಾನು "ಅರ್ಧ ಕೂಡ ಇಲ್ಲ ಭಾವ, ಬಾಯಿಗೆ ಬಂದಂಗೆ ಮಾತಾಡ್ಬೇಡಿ" ಅಂದೆ. ಅವರು ಟವೆಲ್ಲು ಕೊಡವಿ ಎದ್ದು ಹೊರಟರು.

ಆರು ತಿಂಗಳಾದ ಮೇಲೆ ಅಕ್ಕನನ್ನು ನೋಡುವ ನೆಪದಲ್ಲಿ ಹೋದೆ. ಭಾವನೇ ಬಾಯಿಬಿಟ್ಟರು: "ಅದ್ಯಾವ ಲೆಕ್ಕ ನಿಂದು, ಹೇಳು ಈಗ." ಹಿತ್ತಲಿಂದ ದೊಡ್ಡ ಬಾಣಲೆ ತಂದು ಚೊಂಬು ಚೊಂಬಾಗಿ ನೀರು ಹುಯ್ದೆ. ಪ್ರತಿ ಚೊಂಬಿಗೂ ಒಳಗೆ ಕಡ್ಡಿ ನಿಲ್ಲಿಸಿ, ನೀರು ಎಷ್ಟು ಏರಿತು ಎಂದು ಗುರುತು ಮಾಡಿದೆ. ತಳದಲ್ಲಿ ಒಂದು ಚೊಂಬಿಗೆ ಮಟ್ಟ ಸರ್ರನೆ ಏರಿತು. ಅಂಚಿನ ಹತ್ತಿರ ಮೂರು ಚೊಂಬು ಹುಯ್ದರೂ ಕದಲಲೊಲ್ಲದು. ಅಣೆಕಟ್ಟೆಯೂ ಹಾಗೇ, ಮೇಲೆ ಹರವು, ಕೆಳಗೆ ಕಿರಿದು. ಕೃಷ್ಣರಾಜಸಾಗರ 124.80 ಅಡಿ ತುಂಬಿದಾಗ 49.45 ಟಿಎಂಸಿ ನೀರು ಹಿಡಿಯುತ್ತದೆ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. 100 ಅಡಿಯಲ್ಲಿರುವುದು ಸುಮಾರು 23 ಟಿಎಂಸಿ. ಮೇಲಿನ ಇಪ್ಪತ್ತೈದು ಅಡಿಯಲ್ಲೇ ಅರ್ಧಕ್ಕಿಂತ ಹೆಚ್ಚು. ಭಾವ ಅಡಿ ಎಣಿಸಿದ್ದರು, ನಾನು ನೀರು ಎಣಿಸಿದ್ದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವ ಗಾದೆ ನನಗೆ ಪೂರ್ತಿ ಅರ್ಥವಾದದ್ದು ಆ ಬಾಣಲೆಯ ಮುಂದೆ.

"ಸರಿ, ಲೆಕ್ಕ ಒಪ್ಕಂಡೆ. ಆದ್ರೂ ಭತ್ತ ಹಾಕ್ಲೇಬೇಕು ಅನ್ನೋದೇ ನನ್ನ ಮಾತು" ಅಂದರು ಭಾವ. ಯಾಕೆ ಎಂದು ಆವತ್ತು ಮೊದಲ ಸಲ ಕೇಳಿದೆ. "ಹುಲ್ಲಿಲ್ದೆ ಹೋದ್ರೆ ಹಸು ಮಾರ್ಬೇಕು ಕಣಯ್ಯ. ಹಾಲಿನ ದುಡ್ಡಲ್ಲೇ ಮನೆ ನಡೀತಿರೋದು." ಅಷ್ಟು ದಿನ ನಾನು ಅದನ್ನು ಬರಿಯ ಹಟ ಎಂದುಕೊಂಡಿದ್ದೆ.

2023ರ ಆಗಸ್ಟ್ ಕೊನೆಯಲ್ಲಿ ತಮಿಳುನಾಡಿಗೆ 15 ದಿನ 5,000 ಕ್ಯೂಸೆಕ್ ನೀರು ಬಿಡಬೇಕೆಂದು ಕಾವೇರಿ ಪ್ರಾಧಿಕಾರ ಹೇಳಿದಾಗ ಮಂಡ್ಯ ಬೀದಿಗಿಳಿಯಿತು. ಆ 5,000ವನ್ನು ಇಡೀ ದಿನದ ಲೆಕ್ಕ ಎಂದುಕೊಂಡು ವಾದಿಸಿದವರನ್ನು ಕಂಡಿದ್ದೇನೆ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ಗುಣಿಸಿದರೆ 15 ದಿನಕ್ಕೆ ಸುಮಾರು ಆರೂವರೆ ಟಿಎಂಸಿ ಆಗುತ್ತದೆ. ಇಲ್ಲಿಯವರೆಗೆ ಲೆಕ್ಕ, ಇದಕ್ಕೆ ಜಗಳ ಬೇಡ. ಯಾರ ಬೆಳೆ ಮೊದಲು, ಯಾರ ಕೊಡ ಮೊದಲು ಎಂಬುದು ಯಾವ ಗುಣಾಕಾರದಿಂದಲೂ ಹೊರಬರುವುದಿಲ್ಲ. ಅದು 'ಬೇಕು'ಗಳ ಜಾಗ, ಅಲ್ಲಿ ವಾದ ನಡೆಯಲೇಬೇಕು. ಅಭಿಪ್ರಾಯವೆಂದರೆ ಹಗುರದ ಮಾತು ಎನ್ನುವವರನ್ನು ನಾನು ಒಪ್ಪುವುದಿಲ್ಲ, ಅದರ ಹಿಂದೆ ಒಂದು ಮನೆ ಇರುತ್ತದೆ, ಕೊಟ್ಟಿಗೆ ಇರುತ್ತದೆ. ಆದರೆ 'ಬೇಕು' ಅನ್ನುವುದನ್ನು 'ಇದೆ' ಎಂದು ಹೇಳಿಬಿಟ್ಟರೆ ಎದುರಿನವರಿಗೆ ನಮ್ಮ ಸಂಕಟ ಕೇಳಿಸದು, ನಮ್ಮ ತಪ್ಪು ಅಂಕಿ ಮಾತ್ರ ಕೇಳಿಸುತ್ತದೆ.

ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿದರು. ಆಕಾಶವಾಣಿ ಎಂಬ ಹೆಸರು ಬಂದದ್ದು ಅಲ್ಲಿಂದ. ಪುರಾಣದ ಆಕಾಶವಾಣಿಗೆ ಎದುರು ಮಾತಿಲ್ಲ. ನನ್ನ ಮಾತಿಗೆ ಇರಲಿ. ನಾನು ಹೇಳಿದ ಅಂಕಿಗಳನ್ನು ನೀವೇ ಗುಣಿಸಿ ನೋಡಿ.

ಹೋದ ಮುಂಗಾರಿನಲ್ಲಿ ಒಂದು ಬೆಳಿಗ್ಗೆ ಭಾವ ಫೋನ್ ಮಾಡಿದರು. "ನಾಲೆಗೆ ನೀರು ಬಿಟ್ರಂತೆ..." ಅಂದವರೇ ತಡೆದರು. "ಇರು, ಹೋಗಿ ನೋಡಿ ಹೇಳ್ತೀನಿ." ಅರ್ಧ ಗಂಟೆಗೆ ಮತ್ತೆ ಫೋನ್ ಬಂತು. ಹಿಂದೆ ನೀರಿನ ಸದ್ದಿತ್ತು.

"ಬಿಟ್ಟವ್ರೆ ಕಣಯ್ಯ."

ನಮಸ್ಕಾರ.