ಹಿಮ ಬೀಳುವ ಮೊದಲು: ಅಫ್ಘಾನಿಸ್ತಾನದ ಹಳ್ಳಿಗೆ ಚಳಿಗಾಲದ ನೆರವು ತಲುಪೋದು ಹೇಗೆ?

[ದೃಶ್ಯ: ಮಣ್ಣಿನ ಗೋಡೆಯ ಕೋಣೆ. ನಡುವೆ ಒಂದು ಗಿಡ್ಡ ಮೇಜು. ಅದರ ಮೇಲೆ ನೆಲದವರೆಗೂ ಇಳಿಬಿದ್ದ ದಪ್ಪ ರಜಾಯಿ.]

ನಮಸ್ಕಾರ. ಈ ಮೇಜನ್ನು ಸ್ವಲ್ಪ ಗಮನಿಸಿ ನೋಡಿ. ಅಫ್ಘಾನಿಸ್ತಾನದಲ್ಲಿ ಇದಕ್ಕೆ ಸಂದಲಿ ಅಂತಾರೆ. ಮೇಜಿನ ಕೆಳಗೆ ಕೆಂಡ ಇರುತ್ತದೆ. ಕೆಂಡದ ಮೇಲೆ ತೆಳ್ಳಗೆ ಬೂದಿ ಮುಚ್ಚಿರುತ್ತಾರೆ, ಬೇಗ ಆರಿಹೋಗದಿರಲಿ ಅಂತ. ಮನೆಮಂದಿಯೆಲ್ಲ ಸುತ್ತ ಕೂತು, ರಜಾಯಿಯ ಒಳಗೆ ಕಾಲು ಚಾಚುತ್ತಾರೆ. ಊಟ ಅಲ್ಲೇ, ಮಾತು ಅಲ್ಲೇ, ರಾತ್ರಿ ನಿದ್ದೆಯೂ ಅಲ್ಲೇ. ಇಡೀ ಮನೆಯನ್ನು ಬಿಸಿ ಮಾಡುವಷ್ಟು ಉರುವಲು ಇಲ್ಲದವರು ಕಾಲನ್ನಾದರೂ ಬೆಚ್ಚಗೆ ಇಟ್ಟುಕೊಳ್ಳಲು ಕಂಡುಕೊಂಡ ದಾರಿ ಇದು.

ಸ್ವಲ್ಪ ಅನುಕೂಲ ಇದ್ದವರ ಮನೆಯಲ್ಲಿ ಬುಖಾರಿ ಇರುತ್ತದೆ. ಅಂದರೆ ತಗಡಿನ ಒಲೆ, ಹೊಗೆ ಹೊರಗೆ ಹೋಗಲು ಒಂದು ಕೊಳವೆ. ಅದಕ್ಕೆ ಸೌದೆ, ಕಲ್ಲಿದ್ದಲು, ಬೆರಣಿ ಹಾಕುತ್ತಾರೆ. ಏನೂ ಸಿಗದಿದ್ದರೆ ಪ್ಲಾಸ್ಟಿಕ್ಕನ್ನೇ ಸುಡುತ್ತಾರೆ. ಆ ಹೊಗೆ ಮಕ್ಕಳ ಎದೆಗೆ ಹೋಗುತ್ತದೆ.

ಜನವರಿಯ ಒಂದು ರಾತ್ರಿ ಈ ಮೇಜಿನ ಕೆಳಗೆ ಕೆಂಡ ಇರುತ್ತದಾ ಇಲ್ಲವಾ ಅನ್ನೋದು ಜನವರಿಯಲ್ಲಿ ತೀರ್ಮಾನ ಆಗೋದಿಲ್ಲ. ಅದು ಅದರ ಹಿಂದಿನ ಬೇಸಿಗೆಯಲ್ಲೇ ತೀರ್ಮಾನ ಆಗಿರುತ್ತದೆ. ಇವತ್ತಿನ ವಿಡಿಯೋ ಇದರ ಬಗ್ಗೆಯೇ.

[ದೃಶ್ಯ: ಅಫ್ಘಾನಿಸ್ತಾನದ ಭೂಪಟ. ಹಿಂದೂಕುಶ್ ಪರ್ವತ ಸಾಲು ಬೆಳಗುತ್ತದೆ.]

ಭೂಪಟ ನೋಡಿ. ದೇಶದ ನಡುವೆ ಅಡ್ಡಲಾಗಿ ಹಿಂದೂಕುಶ್ ಮಲಗಿದೆ. ಕಾಬೂಲಿನಿಂದ ಉತ್ತರಕ್ಕೆ ಹೋಗುವ ಮುಖ್ಯ ರಸ್ತೆ ಸಲಾಂಗ್ ಕಣಿವೆಯ ಮೂಲಕ ಹಾದುಹೋಗುತ್ತದೆ. ಅಲ್ಲಿ 1964ರಲ್ಲಿ ಸೋವಿಯತ್ ನೆರವಿನಿಂದ ಕಟ್ಟಿದ ಒಂದು ಸುರಂಗ ಇದೆ. ಉದ್ದ ಎರಡೂವರೆ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಸಮುದ್ರ ಮಟ್ಟದಿಂದ ಸುಮಾರು 3,400 ಮೀಟರ್ ಎತ್ತರ. 2010ರ ಫೆಬ್ರವರಿಯಲ್ಲಿ ಇದೇ ದಾರಿಯಲ್ಲಿ ಸಾಲು ಸಾಲಾಗಿ ಹಿಮ ಕುಸಿದು 160ಕ್ಕೂ ಹೆಚ್ಚು ಜನ ಸತ್ತರು. ಅದು ದೇಶದ ಅತ್ಯಂತ ಮುಖ್ಯವಾದ ಹೆದ್ದಾರಿ. ಇನ್ನು ಘೋರ್, ದಾಯ್ಕುಂಡಿ, ಬಾಮಿಯಾನ್, ಬದಖ್‌ಶಾನ್ ಪ್ರಾಂತ್ಯಗಳ ಒಳಗಿನ ಮಣ್ಣಿನ ರಸ್ತೆಗಳ ಕಥೆ ಏನಿರಬಹುದು ಯೋಚನೆ ಮಾಡಿ. ಒಮ್ಮೆ ಹಿಮ ಕೂತರೆ ಎಷ್ಟೋ ಹಳ್ಳಿಗಳಿಗೆ ತಿಂಗಳುಗಟ್ಟಲೆ ಲಾರಿ ಹೋಗೋದಿಲ್ಲ.

ಹಾಗಾಗಿ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದಂಥ ಸಂಸ್ಥೆಗಳು ಒಂದು ಕೆಲಸ ಮಾಡುತ್ತವೆ. ಚಳಿಗಾಲಕ್ಕೆ ಬೇಕಾದ ಗೋಧಿ ಹಿಟ್ಟು, ಬೇಳೆ, ಅಡುಗೆ ಎಣ್ಣೆ, ಉಪ್ಪು, ಇವೆಲ್ಲವನ್ನೂ ರಸ್ತೆ ಮುಚ್ಚುವ ಮೊದಲೇ ಆ ಪ್ರದೇಶಗಳ ಗೋಡೌನುಗಳಿಗೆ ಸಾಗಿಸಿ ಇಡುತ್ತವೆ. ಹೇಳೋಕೆ ಸುಲಭ. ಆದರೆ ಲೆಕ್ಕ ಹಿಂದಕ್ಕೆ ಹಾಕುತ್ತಾ ಬನ್ನಿ. ನವೆಂಬರ್ ಹೊತ್ತಿಗೆ ಘೋರ್‌ನ ಗೋಡೌನ್ ತುಂಬಿರಬೇಕು. ಹಾಗಿದ್ದರೆ ಲಾರಿಗಳು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬೆಟ್ಟ ಹತ್ತಬೇಕು. ಅದಕ್ಕೂ ಮೊದಲು ಸರಕು ದೇಶದೊಳಗೆ ಬಂದಿರಬೇಕು. ಕಡಲಿನಿಂದ ಬಂದರೆ ಕರಾಚಿಯಲ್ಲಿ ಇಳಿದು, ತೋರ್ಖಮ್ ಅಥವಾ ಚಮನ್ ಗಡಿ ದಾಟಬೇಕು. ಮಧ್ಯ ಏಷ್ಯಾದ ಗೋಧಿಯಾದರೆ ಉಜ್ಬೇಕಿಸ್ತಾನದ ಗಡಿಯ ಹೈರತಾನ್ ಮೂಲಕ ಬರಬೇಕು. ಇದಕ್ಕೆಲ್ಲ ತಿಂಗಳುಗಳು ಹಿಡಿಯುತ್ತವೆ. ಅಂದರೆ ದುಡ್ಡು ಬೇಸಿಗೆಯಲ್ಲೇ ಕೈಗೆ ಸಿಗಬೇಕು. ಬಿಸಿಲು ಸುಡುತ್ತಿರುವಾಗ ಕಂಬಳಿಗೆ ಆರ್ಡರ್ ಕೊಡಬೇಕು.

ಆದರೆ ದುಡ್ಡು ಬರೋದು ಯಾವಾಗ? ಟಿವಿಯಲ್ಲಿ ಹಿಮದ ಚಿತ್ರ ಬಂದಮೇಲೆ. ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ. ಕೊಡುವವರ ಮನಸ್ಸು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಡಿಸೆಂಬರ್‌ನಲ್ಲಿ ಬಂದ ಒಂದು ರೂಪಾಯಿ ಜುಲೈಯಲ್ಲಿ ಬಂದ ಒಂದು ರೂಪಾಯಿಯಷ್ಟು ಕೆಲಸ ಮಾಡೋದಿಲ್ಲ. ಜುಲೈಯಲ್ಲಿ ಲಾರಿ ಸಾಕು. ಜನವರಿಯಲ್ಲಿ ಅದೇ ಮೂಟೆಗೆ ಹೆಲಿಕಾಪ್ಟರ್ ಬೇಕು, ಇಲ್ಲವೇ ಕತ್ತೆ, ಇಲ್ಲವೇ ಮನುಷ್ಯರ ಬೆನ್ನು. ಈ ವಿಷಯದಲ್ಲಿ ನನಗೆ ಅತಿ ಹೆಚ್ಚು ಸಂಕಟ ಕೊಡುವ ಸಂಗತಿ ಇದೇ. ಚಳಿಗಾಲ ಭೂಕಂಪ ಅಲ್ಲ. ಅದು ಯಾವ ತಿಂಗಳಲ್ಲಿ ಬರುತ್ತದೆ ಅಂತ ಎಲ್ಲರಿಗೂ ಗೊತ್ತು.

[ದೃಶ್ಯ: 2005ರ ಕಾಶ್ಮೀರ ಭೂಕಂಪದ ನಂತರದ ಬೆಟ್ಟದ ಇಳಿಜಾರು. ಟೆಂಟುಗಳು.]

ಕೆಲವೊಮ್ಮೆ ಎರಡೂ ಒಟ್ಟಿಗೇ ಬರುತ್ತವೆ. 2005ರ ಅಕ್ಟೋಬರ್ 8. ಕಾಶ್ಮೀರದಲ್ಲಿ 7.6 ತೀವ್ರತೆಯ ಭೂಕಂಪ. ಮುಜಫ್ಫರಾಬಾದ್, ಬಾಲಾಕೋಟ್ ನೆಲಸಮ ಆದವು. ನಿಯಂತ್ರಣ ರೇಖೆಯ ಆಚೆ 73,000ಕ್ಕೂ ಹೆಚ್ಚು ಜನ ಸತ್ತರು. ಈಚೆ ನಮ್ಮ ಉರಿ, ತಂಗ್‌ಧಾರ್ ಕಡೆ ಸಾವಿರಕ್ಕೂ ಹೆಚ್ಚು. ಸುಮಾರು 35 ಲಕ್ಷ ಜನ ಮನೆ ಕಳೆದುಕೊಂಡರು. ಹಿಮ ಬೀಳಲು ಕೆಲವೇ ವಾರ ಉಳಿದಿತ್ತು.

ಇವತ್ತು ಜಗತ್ತಿನಾದ್ಯಂತ ಬಳಸುವ ಒಂದು ಪದ್ಧತಿಯನ್ನು ಮೊದಲ ಬಾರಿ ಜಾರಿಗೆ ತಂದಿದ್ದು ಅಲ್ಲೇ. ಅದರ ಹೆಸರು ಕ್ಲಸ್ಟರ್. ವಿಷಯ ಇಷ್ಟೇ. ದೊಡ್ಡ ದುರಂತ ಆದಾಗ ನೂರಾರು ಸಂಸ್ಥೆಗಳು ಬಂದಿಳಿಯುತ್ತವೆ. ರಸ್ತೆ ಪಕ್ಕದ ಹಳ್ಳಿಗೆ ನಾಲ್ಕು ಜನ ಕಂಬಳಿ ಕೊಡುತ್ತಾರೆ. ಎರಡು ಗಂಟೆ ನಡೆಯಬೇಕಾದ ಹಳ್ಳಿಗೆ ಯಾರೂ ಹೋಗೋದಿಲ್ಲ. ಇದನ್ನು ತಪ್ಪಿಸಲು ಕೆಲಸವನ್ನು ಹಂಚುತ್ತಾರೆ. ವಸತಿ ಒಂದು ಗುಂಪು, ಆರೋಗ್ಯ ಒಂದು ಗುಂಪು, ನೀರು ಮತ್ತು ಶೌಚಾಲಯ ಇನ್ನೊಂದು, ಸಾಗಾಣಿಕೆ ಮತ್ತೊಂದು. ಪ್ರತಿ ಗುಂಪಿಗೂ ಒಂದು ಸಂಸ್ಥೆ ಹೊಣೆ. ಎಲ್ಲರೂ ಸೇರಿ ಒಂದು ಪಟ್ಟಿ ಇಟ್ಟುಕೊಳ್ಳುತ್ತಾರೆ: ಯಾರು, ಏನು, ಎಲ್ಲಿ. ಈ ಪಟ್ಟಿಯಲ್ಲಿ ಖಾಲಿ ಇರುವ ಜಾಗವೇ ಎಲ್ಲಕ್ಕಿಂತ ಮುಖ್ಯ. ಅಲ್ಲಿ ಯಾರೂ ಇಲ್ಲ ಅಂತ ಅರ್ಥ.

ಕಾಶ್ಮೀರದಲ್ಲಿ ನೆರವು ಸಂಸ್ಥೆಗಳು ಕಲಿತ ಇನ್ನೊಂದು ಪಾಠ ಟೆಂಟಿನದ್ದು. ಬಂದ ಟೆಂಟುಗಳಲ್ಲಿ ಬಹಳಷ್ಟು ಚಳಿಗಾಲದ ಟೆಂಟುಗಳೇ ಅಲ್ಲ. ಸಾದಾ ಬಟ್ಟೆಯ ಟೆಂಟಿಗೆ ಹಿಮದ ಭಾರ ಬಿದ್ದರೆ ಅದು ಕುಸಿಯುತ್ತದೆ. ಒಳಗೆ ಒಲೆ ಉರಿಸಿದರೆ ಬೆಂಕಿಯ ಭಯ. ಅದಲ್ಲದೆ ಎಷ್ಟೋ ಜನ ಬೆಟ್ಟ ಬಿಟ್ಟು ಇಳಿಯಲು ಒಪ್ಪಲಿಲ್ಲ. ದನ ಅಲ್ಲಿ, ಹೊಲ ಅಲ್ಲಿ, ಸತ್ತವರ ಗೋರಿ ಅಲ್ಲಿ. ಆಗ ಯೋಚನೆ ಬದಲಾಯಿತು. ಇಡೀ ಮನೆ ಬೇಡ, ಹಿಮ ಬೀಳುವುದರೊಳಗೆ ಪ್ರತಿ ಕುಟುಂಬಕ್ಕೂ ಬೆಚ್ಚಗಿನ ಒಂದೇ ಒಂದು ಕೋಣೆ. ಬಿದ್ದ ಮನೆಯ ಮರ, ಕಲ್ಲುಗಳನ್ನೇ ಬಳಸಿ ಗೋಡೆ. ಮೇಲೆ ಹೊದಿಸಲು ತಗಡಿನ ಶೀಟು ಹೊರಗಿನಿಂದ. ಹೆಲಿಕಾಪ್ಟರ್‌ಗಳು, ಹೇಸರಗತ್ತೆಗಳು ಆ ಶೀಟುಗಳನ್ನು ಹೊತ್ತವು. ಆ ವರ್ಷದ ಚಳಿ ಹೆದರಿದಷ್ಟು ಕಠಿಣ ಆಗಲಿಲ್ಲ, ಅದೂ ಒಂದು ಪುಣ್ಯ. ಭಾರತ, ಪಾಕಿಸ್ತಾನ ಎರಡೂ ಒಪ್ಪಿ ನಿಯಂತ್ರಣ ರೇಖೆಯಲ್ಲಿ ಐದು ಕಡೆ ದಾರಿ ಬಿಡಲು ನಿರ್ಧರಿಸಿದವು. ಆದರೆ ಆ ಒಪ್ಪಂದ ಆಗಿ ಮೊದಲ ದಾರಿ ತೆರೆಯುವಷ್ಟರಲ್ಲಿ ನವೆಂಬರ್ ಮೊದಲ ವಾರ ಬಂದಿತ್ತು.

ಸುಮ್ನೆ ಒಂದು ಮಾತು, ಕಂಬಳಿ ಬಗ್ಗೆ. ಕಂಬಳಿ ಅಂದ ಕೂಡಲೇ ಹೊದೆಯೋದು ಅಂತಲೇ ನಮಗೆ ಹೊಳೆಯುತ್ತದೆ, ಅಲ್ವಾ? ಆದರೆ ನೆಲದ ಮೇಲೆ ಮಲಗುವವರಿಗೆ ಚಳಿ ಕೆಳಗಿನಿಂದ ಏರುತ್ತದೆ. ಎರಡು ಕಂಬಳಿ ಹೊದ್ದರೂ ಕೆಳಗೆ ಏನೂ ಇಲ್ಲದಿದ್ದರೆ ಮೈ ಬೆಚ್ಚಗಾಗೋದಿಲ್ಲ. ಅದಕ್ಕೇ ಅನುಭವ ಇರುವವರು ಕೊಡುವ ಕಿಟ್‌ನಲ್ಲಿ ಹಾಸುವ ಚಾಪೆ, ನೆಲಕ್ಕೆ ಹಾಕುವ ಪ್ಲಾಸ್ಟಿಕ್ ತಾಡಪಾಲು ಇರುತ್ತದೆ. ಜಾಗದ ಲೆಕ್ಕವೂ ಹಾಗೆಯೇ. ನೆರವು ಸಂಸ್ಥೆಗಳು ಒಪ್ಪಿಕೊಂಡಿರುವ ಅಳತೆಯ ಪ್ರಕಾರ ಒಬ್ಬರಿಗೆ ಕನಿಷ್ಠ 3.5 ಚದರ ಮೀಟರ್ ಬೇಕು. ಚಳಿ ಪ್ರದೇಶದಲ್ಲಿ ಅದು 4.5ರಿಂದ 5.5 ಆಗುತ್ತದೆ. ಯಾಕೆ? ಅಡುಗೆಯೂ ಒಳಗೇ ಆಗಬೇಕಲ್ಲ.

[ದೃಶ್ಯ: ಕಾಬೂಲಿನ ಬೀದಿ, ಹಿಮ. ಬ್ಯಾಂಕಿನ ಮುಂದೆ ಉದ್ದನೆಯ ಸಾಲು.]

ಮತ್ತೆ ಅಫ್ಘಾನಿಸ್ತಾನಕ್ಕೆ ಬರೋಣ. ಅಭದ್ರತೆ ಅಂದರೆ ಗುಂಡು, ಬಾಂಬು ಅಂತಷ್ಟೇ ನಾವು ತಿಳಿದುಕೊಂಡಿದ್ದೇವೆ. ನೆರವಿನ ಕೆಲಸದಲ್ಲಿ ಅದಕ್ಕೆ ಬೇರೆ ಬೇರೆ ಮುಖ ಇದೆ.

2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ಕೈಗೆ ಹೋಯಿತು. ಯುದ್ಧ ಬಹುಮಟ್ಟಿಗೆ ನಿಂತಿತು. ಹತ್ತಿಪ್ಪತ್ತು ವರ್ಷ ಹೋಗಲಾಗದ ಜಿಲ್ಲೆಗಳ ರಸ್ತೆಗಳು ತೆರೆದವು. ಆದರೆ ದುಡ್ಡಿನ ದಾರಿ ಮುಚ್ಚಿತು. ಆ ದೇಶದ ಕೇಂದ್ರ ಬ್ಯಾಂಕಿನ ಸುಮಾರು 700 ಕೋಟಿ ಡಾಲರ್ ಅಮೆರಿಕದಲ್ಲಿ ತಡೆಹಿಡಿಯಲಾಯಿತು. ವಿದೇಶಿ ನೆರವು ನಿಂತಿತು. ಶಿಕ್ಷಕರಿಗೆ, ನರ್ಸ್‌ಗಳಿಗೆ ಸಂಬಳ ಇಲ್ಲ. ತಾಲಿಬಾನ್ ಮೇಲಿನ ನಿರ್ಬಂಧಗಳ ಭಯಕ್ಕೆ ಹೊರಗಿನ ಬ್ಯಾಂಕುಗಳು ಹಣ ಕಳಿಸಲೇ ಹಿಂಜರಿದವು. ಲಾರಿ ಬಾಡಿಗೆ ಕೊಡಲೂ ನಗದು ಸಿಗದ ಸ್ಥಿತಿ. ಆ ಅಕ್ಟೋಬರ್‌ನಲ್ಲಿ ಬಂದ ಅಂದಾಜಿನ ಪ್ರಕಾರ ಚಳಿಗಾಲದಲ್ಲಿ 2 ಕೋಟಿ 28 ಲಕ್ಷ ಜನ, ಅಂದರೆ ದೇಶದ ಅರ್ಧಕ್ಕೂ ಹೆಚ್ಚು ಜನ, ತೀವ್ರ ಹಸಿವಿಗೆ ಸಿಲುಕಲಿದ್ದರು. ನೆರವಿಗೆ ಹಣ ಕಳಿಸಿದರೆ ತಪ್ಪಲ್ಲ ಅಂತ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2615ನೇ ನಿರ್ಣಯ ಮಾಡಿದ್ದು ಡಿಸೆಂಬರ್ 22ರಂದು. ಅಷ್ಟರಲ್ಲಿ ಬೆಟ್ಟಗಳ ಮೇಲೆ ಹಿಮ ಕೂತಿತ್ತು.

ಮರುವರ್ಷದ್ದು ಇನ್ನೊಂದು ಬಗೆ. 2022ರ ಡಿಸೆಂಬರ್ 24. ಸ್ವಯಂಸೇವಾ ಸಂಸ್ಥೆಗಳಲ್ಲಿ ಹೆಂಗಸರು ಕೆಲಸ ಮಾಡಬಾರದು ಅಂತ ತಾಲಿಬಾನ್ ಆದೇಶ ಬಂತು. ಇದಕ್ಕೂ ಕಂಬಳಿಗೂ ಏನು ಸಂಬಂಧ ಅಂತ ಕೇಳಬಹುದು. ತುಂಬಾ ಸಂಬಂಧ ಇದೆ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸು ಮಕ್ಕಳೊಂದಿಗೆ ಇರುವ ಮನೆ. ಆ ಮನೆಯೊಳಗೆ ಹೊರಗಿನ ಗಂಡಸು ಕಾಲಿಡುವ ಹಾಗಿಲ್ಲ. ಒಳಗೆ ಎಷ್ಟು ಮಕ್ಕಳಿದ್ದಾರೆ, ಬುಖಾರಿ ಇದೆಯಾ, ಹಿಟ್ಟು ಇದೆಯಾ, ಯಾರಾದರೂ ಬಸುರಿ ಇದ್ದಾರಾ ಅಂತ ಕೇಳೋದು ಯಾರು? ಹೆಣ್ಣು ಸಿಬ್ಬಂದಿಯೇ ಕೇಳಬೇಕು. ಅವರು ಹೋಗದಿದ್ದರೆ ಆ ಮನೆ ಪಟ್ಟಿಗೇ ಸೇರೋದಿಲ್ಲ. ಹಲವು ದೊಡ್ಡ ಸಂಸ್ಥೆಗಳು ಕೆಲಸ ನಿಲ್ಲಿಸಿದವು. ಆರೋಗ್ಯದಂಥ ಕೆಲವು ಕೆಲಸಗಳಿಗೆ ಒಂದೊಂದಾಗಿ ವಿನಾಯಿತಿ ಕೇಳಿ, ಪ್ರಾಂತ್ಯ ಪ್ರಾಂತ್ಯದಲ್ಲಿ ಅಧಿಕಾರಿಗಳ ಎದುರು ಕೂತು ಮಾತಾಡಿ, ಭಾಗಶಃ ಮತ್ತೆ ಶುರು ಮಾಡಿದವು.

ಅದೇ ಹೊತ್ತಿಗೆ, 2023ರ ಜನವರಿಯಲ್ಲಿ, ವರ್ಷಗಳಿಂದ ಕಾಣದಂಥ ಚಳಿ ಬಂತು. ಘೋರ್ ಕಡೆ ಮೈನಸ್ 33 ಡಿಗ್ರಿ. ಅಲ್ಲಿನ ವಿಪತ್ತು ನಿರ್ವಹಣಾ ಇಲಾಖೆಯೇ ಕೊಟ್ಟ ಲೆಕ್ಕದಲ್ಲಿ 160ಕ್ಕೂ ಹೆಚ್ಚು ಜನ ಸತ್ತರು. ಹತ್ತಾರು ಸಾವಿರ ಜಾನುವಾರು ಸತ್ತವು. ಕುರಿ ಸತ್ತರೆ ಹಾಲು ಹೋಯಿತು, ಉಣ್ಣೆ ಹೋಯಿತು, ಬೆರಣಿಯೂ ಹೋಯಿತು. ಆ ಮನೆಯ ಚಳಿಗಾಲ ಮುಂದಿನ ವರ್ಷಕ್ಕೂ ಮುಂದುವರಿಯುತ್ತದೆ. ಇಷ್ಟರ ಮೇಲೆ ಅದೇ 2023ರಲ್ಲಿ ದುಡ್ಡು ಸಾಲದೆ ವಿಶ್ವ ಆಹಾರ ಕಾರ್ಯಕ್ರಮ ಒಂದು ಕೋಟಿ ಜನರನ್ನು ಪಡಿತರದಿಂದ ಕೈಬಿಡಬೇಕಾಯಿತು.

ಮೂರನೇ ಮುಖ ಗಡಿ. 2025ರ ಆಗಸ್ಟ್ 31ರ ರಾತ್ರಿ ದೇಶದ ಪೂರ್ವದ ಕುನಾರ್ ಪ್ರಾಂತ್ಯದಲ್ಲಿ ಭೂಕಂಪ ಆಯಿತು. 2,000ಕ್ಕೂ ಹೆಚ್ಚು ಜನ ಸತ್ತರು. ಇಳಿಜಾರಿನಲ್ಲಿ ಒಂದರ ಮೇಲೊಂದು ಕಟ್ಟಿದ ಕಲ್ಲು ಮಣ್ಣಿನ ಮನೆಗಳು ಜಾರಿ ಬಿದ್ದವು. ಚಳಿಗಾಲಕ್ಕೆ ಎರಡು, ಮೂರು ತಿಂಗಳು. ಕುನಾರ್‌ಗೆ ಹತ್ತಿರದ ದೊಡ್ಡ ದಾರಿ ತೋರ್ಖಮ್. ಅಕ್ಟೋಬರ್‌ನಲ್ಲಿ ಅಫ್ಘಾನ್, ಪಾಕಿಸ್ತಾನಿ ಪಡೆಗಳ ನಡುವೆ ಘರ್ಷಣೆಯಾಗಿ ಅದೇ ಗಡಿ ಮುಚ್ಚಿತು. ಸರಕು ಸಾಗಿಸುವ ಅತಿ ಮುಖ್ಯವಾದ ವಾರಗಳು ಅವು.

ಹೀಗಾಗಿ ಸಮನ್ವಯ ಅನ್ನೋ ದೊಡ್ಡ ಪದದ ಹಿಂದೆ ದಿನನಿತ್ಯದ ಸಣ್ಣ ಸಣ್ಣ ಕೆಲಸ ಇದೆ. ಒಂದು ಗಡಿ ಮುಚ್ಚಿದರೆ ಇನ್ನೊಂದು ಗಡಿಯಲ್ಲಿ ಲಾರಿ ಹುಡುಕೋದು. ಚೆಕ್‌ಪೋಸ್ಟ್‌ನಲ್ಲಿ ತಡೆದರೆ ಯಾರಿಗೆ ಫೋನ್ ಮಾಡಬೇಕು ಅಂತ ಮೊದಲೇ ಗೊತ್ತಿರೋದು. ಪಟ್ಟಿಗೆ ತನ್ನ ಕಡೆಯವರನ್ನು ಸೇರಿಸಿ ಅಂತ ಬಲ ಇದ್ದವನು ಕೇಳಿದಾಗ, ಜಗಳ ಆಗದ ಹಾಗೆ ಇಲ್ಲ ಅನ್ನೋದು. ಈ ಕೆಲಸವನ್ನು ಹೆಚ್ಚಿನಂಶ ಮಾಡುವವರು ಹೊರದೇಶದವರಲ್ಲ, ಅಫ್ಘನ್ನರೇ. ಅವರ ಸ್ವಂತ ಮನೆಗಳಲ್ಲೂ ಬುಖಾರಿಗೆ ಉರುವಲು ಹೊಂದಿಸಬೇಕಿರುತ್ತದೆ.

[ದೃಶ್ಯ: ಅಟ್ಟಾರಿ ಗಡಿ. ಬಣ್ಣ ಬಣ್ಣದ ಅಫ್ಘಾನ್ ಲಾರಿಗಳ ಸಾಲು.]

ಕೊನೆಯದಾಗಿ ನಮ್ಮ ದೇಶದ ಗೋಧಿಯ ಕಥೆ. 2021ರ ಅಕ್ಟೋಬರ್ 7ರಂದು ಭಾರತ ಒಂದು ಪ್ರಸ್ತಾಪ ಇಟ್ಟಿತು. ಅಫ್ಘನ್ನರಿಗೆ 50,000 ಟನ್ ಗೋಧಿ ಕೊಡುತ್ತೇವೆ, ಪಾಕಿಸ್ತಾನದ ರಸ್ತೆ ಮೂಲಕ ಬಿಡಿ ಅಂತ. ಗೋಧಿ ಸಿದ್ಧ ಇತ್ತು. ದಾರಿಯೂ ಇತ್ತು. ಪಾಕಿಸ್ತಾನ ಒಪ್ಪಿದ್ದು ನವೆಂಬರ್ ಕೊನೆಗೆ. ಆಮೇಲೆ ಯಾರ ಲಾರಿ ಅನ್ನೋ ಮಾತುಕತೆ. ಕೊನೆಗೆ ಅಫ್ಘಾನ್ ಲಾರಿಗಳೇ ಖಾಲಿ ಬಂದು ಅಟ್ಟಾರಿಯಲ್ಲಿ ತುಂಬಿಕೊಂಡು, ಜಲಾಲಾಬಾದ್‌ನಲ್ಲಿ ವಿಶ್ವ ಆಹಾರ ಕಾರ್ಯಕ್ರಮಕ್ಕೆ ಒಪ್ಪಿಸೋದು ಅಂತ ಆಯಿತು. ಚೀಲಗಳ ಮೇಲೆ ಇಂಗ್ಲಿಷ್, ಪಶ್ತೋ, ದರಿ ಮೂರು ಭಾಷೆಯಲ್ಲಿ ಬರೆದಿತ್ತು: ಭಾರತದ ಜನರಿಂದ ಅಫ್ಘಾನಿಸ್ತಾನದ ಜನರಿಗೆ ಉಡುಗೊರೆ.

ಮೊದಲ 50 ಲಾರಿ, 2,500 ಟನ್ ಗೋಧಿ ಹೊತ್ತು ಅಟ್ಟಾರಿಯಿಂದ ಹೊರಟ ದಿನ 2022ರ ಫೆಬ್ರವರಿ 22. ವಸಂತದ ಹಬ್ಬ ನೌರೋಜ್‌ಗೆ ಇನ್ನು ಒಂದೇ ತಿಂಗಳಿತ್ತು.