ಎಲೆಯನ್ನು ಮಗುಚಿ ನೋಡಬೇಕಿತ್ತು

ಇದು ಸಸಿಯಲ್ಲ. ಕಳೆದ ವಿಡಿಯೊದಲ್ಲಿ ಇದೇ ಗಿಡದ ಮುಂದೆ ನಿಂತು, 'ಬ್ಲ್ಯಾಕ್‌ಜ್ಯಾಕ್ ಓಕ್ ಮರದ ಎಳೆಯ ಸಸಿ' ಎಂದು ಠೀವಿಯಿಂದ ಹೇಳಿದ್ದೆ. ಆಮೇಲೆ ಮನೆಯಲ್ಲಿ ಆ ವಿಡಿಯೊ ನೋಡಿದರೆ ಗಿಡದ ತುಂಬ ಕಾಯಿ! ನನ್ನ ಎದೆಯೆತ್ತರದ ಸಸಿಗೆ ಕಾಯಿ ಎಲ್ಲಿಂದ ಬರಬೇಕು? ಹೊಂಗೆ, ಹುಣಸೆ ನೋಡಿ ಬೆಳೆದವನು ನಾನು. ನಮ್ಮ ಕಡೆಯ ಕಾಡಿನಲ್ಲಿ ಓಕ್ ಇಲ್ಲ. ಆದರೂ ಇದು ನೆಪವಾಗುವುದಿಲ್ಲ.

ಹಾಗಾಗಿ ಮತ್ತೆ ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಪೈನ್ ಬ್ಯಾರೆನ್ಸ್ ಎಂಬ ಮರಳುನೆಲದ ಕಾಡಿಗೆ ಬಂದಿದ್ದೇನೆ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿಕೊಂಡಿರುವುದು ಉಣ್ಣೆಹುಳುಗಳ ಭಯಕ್ಕೆ, ನಗಬೇಡಿ. ಕಾಲಡಿಯಲ್ಲಿ ಸಕ್ಕರೆಯಂತಹ ಬಿಳಿ ಮರಳು. ಮಳೆ ಬಿದ್ದರೆ ನೀರು ಸೋಸಿ ಇಳಿದುಬಿಡುತ್ತದೆ, ಸಾರವೂ ಅದರ ಜೊತೆಗೇ ಹೋಗುತ್ತದೆ. ಮೇಲೆ ಪಿಚ್ ಪೈನ್ ಮರಗಳು, ಅವುಗಳ ಕೆಳಗೆ ಈ ಕುಳ್ಳ.

ಎಲೆಯನ್ನು ಕ್ಯಾಮೆರಾದ ಹತ್ತಿರ ತರುತ್ತೇನೆ. ಅಂಚಿನಲ್ಲಿ ಐದು ಹಾಲೆಗಳು, ಪ್ರತಿಯೊಂದರ ತುದಿಯಲ್ಲೂ ಕೂದಲಿನಂತಹ ಮೊನೆ. ಮೊನೆ ಇದ್ದರೆ ಕೆಂಪು ಓಕ್‌ಗಳ ಗುಂಪು. ಇದೇ ಮರಳಿನಲ್ಲಿ ಬೆಳೆಯುವ ಇನ್ನೊಂದು ಕುಳ್ಳ ಓಕ್, ಡ್ವಾರ್ಫ್ ಚಿಂಕಾಪಿನ್, ಬಿಳಿ ಓಕ್‌ಗಳ ಗುಂಪಿನದು. ಅದರ ಎಲೆಯಂಚು ಅಲೆಅಲೆಯಾಗಿರುತ್ತದೆ, ಮೊನೆ ಇರುವುದಿಲ್ಲ. ಈಗ ಎಲೆಯನ್ನು ಮಗುಚುತ್ತೇನೆ. ಬೂದುಬಿಳಿ! ಬೆರಳಾಡಿಸಿದರೆ ಮೆತ್ತನೆಯ ಉಣ್ಣೆ ಬಟ್ಟೆಯಂತಿದೆ. ಬ್ಲ್ಯಾಕ್‌ಜ್ಯಾಕ್‌ನ ಎಲೆಯಾಗಿದ್ದರೆ ತುದಿ ಬಾತುಕೋಳಿಯ ಪಾದದಂತೆ ಅಗಲವಾಗಿ, ಅಡಿಭಾಗ ತುಕ್ಕಿನ ಬಣ್ಣದಲ್ಲಿರುತ್ತಿತ್ತು. ಅಂದು ಮೇಲ್ಭಾಗವನ್ನಷ್ಟೇ ನೋಡಿ ತೀರ್ಪು ಕೊಟ್ಟಿದ್ದೆ.

ಇದು ಬೇರ್ ಓಕ್, ಅಂದರೆ ಕರಡಿ ಓಕ್. ಶಾಸ್ತ್ರೀಯ ಹೆಸರು ಕ್ವೆರ್ಕಸ್ ಇಲಿಸಿಫೋಲಿಯ.

ಕೊಂಬೆಯನ್ನೂ ನೋಡಿ. ಈ ವರ್ಷದ ಎಳೆಯ ಕಡ್ಡಿಯಲ್ಲಿ ಮೆಣಸಿನ ಕಾಳಿನಷ್ಟು ಮಿಡಿಗಳು; ಅದರ ಕೆಳಗೆ, ಹೋದ ವರ್ಷದ ಕಡ್ಡಿಯಲ್ಲಿ ಬಲಿತ ಕಾಯಿಗಳು. ಹೂವಿನಿಂದ ಕಾಯಿ ಬಲಿಯಲು ಎರಡು ಬೇಸಿಗೆ ಬೇಕು. ಒಂದೇ ಕೊಂಬೆಯಲ್ಲಿ ಅಣ್ಣತಮ್ಮಂದಿರು!

ಬುಡದಲ್ಲಿ ಸುಟ್ಟ ಮೋಟು ಕಾಣುತ್ತಿದೆಯೇ? ಇಲ್ಲಿ ಬೆಂಕಿ ಹೊಸದಲ್ಲ. ಮೇಲಿನದೆಲ್ಲ ಸುಟ್ಟುಹೋದರೂ ಬೇರಿನ ಬಳಿಯಿಂದ ಹಲವು ಚಿಗುರುಗಳು ಒಟ್ಟಿಗೆ ಏಳುತ್ತವೆ. ಅದಕ್ಕೇ ಒಂದೇ ಕಾಂಡದ ಮರವಾಗದೆ ಹೀಗೆ ಪೊದೆಯಾಗಿದೆ.

ಕಾಯಿ ಎಷ್ಟು ಕಹಿಯೆಂದರೆ ಕರಡಿ ಮಾತ್ರ ತಿನ್ನುತ್ತದಂತೆ, ಹೆಸರು ಅದರಿಂದಲೇ ಬಂತಂತೆ. ಒಂದು ಚೂರು ಕಚ್ಚಿ ನೋಡಿದೆ. ಆಮೇಲೆ ಉಗುಳಿದ್ದನ್ನು ಎಡಿಟಿಂಗ್‌ನಲ್ಲಿ ತೆಗೆದಿಲ್ಲ, ನೋಡಿಕೊಳ್ಳಿ.