ಕೈಕೆಳಗಿನವರ ಕೈಗೂ ಒಂದಿಷ್ಟು ಹಿಡಿತ

ಆಕಾಶವಾಣಿ ಕೇಳುಗರಿಗೆ ಶರಣು ಶರಣಾರ್ಥಿ.

ನಾಲ್ಕು ಮಂದಿಯಿಂದ ಕೆಲಸ ತೆಗೆಸುವವರಿಗೆ ಇವತ್ತಿನ ಮಾತು. ಬ್ಯಾಂಕ್ ಶಾಖೆಯ ಮ್ಯಾನೇಜರು, ಬೇಳೆ ಮಿಲ್ಲಿನ ಸೂಪರ್‌ವೈಸರು, ಬಸ್ ಡಿಪೋ ನಡೆಸುವವರು, ಶಾಲೆಯ ಹೆಡ್‌ಮಾಸ್ತರು, ಎಲ್ಲರೂ ಐದು ನಿಮಿಷ ಕಿವಿ ಕೊಡಿ. ನಾನು ಹೇಳುವುದು ಒಂದೇ ಮಾತು, ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ: ಹೊರೆಗಿಂತ ಹೆಚ್ಚಾಗಿ ಮನುಷ್ಯನನ್ನು ಹಿಂಡುವುದು, ಆ ಹೊರೆಯ ಮೇಲೆ ಅವನಿಗೆ ಹಿಡಿತ ಇಲ್ಲದಿರುವುದು.

"ಟೆನ್ಶನ್ ಎಲ್ಲ ಸಾಹೇಬರಿಗೇ ರೀ, ಜವಾನಗೇನದ, ಆರಾಮ ಇರ್ತಾನ" ಅನ್ನುತ್ತೇವಲ್ಲ, ಇಂಗ್ಲೆಂಡಿನಲ್ಲೂ ಹಾಗೇ ತಿಳಿದಿದ್ದರು. ಲಂಡನ್ನಿನಲ್ಲಿ ವೈಟ್‌ಹಾಲ್ ಅಂತ ಒಂದು ರಸ್ತೆ. ನಮ್ಮ ಮಿನಿ ವಿಧಾನಸೌಧದಂಥ ಸರ್ಕಾರಿ ಕಚೇರಿಗಳು ಅಲ್ಲಿ ಸಾಲಾಗಿ ನಿಂತಿವೆ. 1967ರಲ್ಲಿ ಅಲ್ಲಿನ ನೌಕರರ ಆರೋಗ್ಯ ತಪಾಸಣೆ ಆರಂಭವಾಯಿತು. ಸುಮಾರು 18,000 ಗಂಡಸರು. ರಕ್ತದೊತ್ತಡ, ತೂಕ, ಸಿಗರೇಟು ಎಲ್ಲ ಬರೆದುಕೊಂಡು ವರ್ಷಗಟ್ಟಲೆ ಬೆನ್ನು ಹತ್ತಿ ನೋಡಿದರು. ನೆನಪಿಡಿ, ಇವರಲ್ಲಿ ಉಪವಾಸ ಮಲಗುವವರು ಯಾರೂ ಇಲ್ಲ, ಎಲ್ಲರಿಗೂ ಸರ್ಕಾರಿ ಸಂಬಳ. ಆದರೂ ಬಾಗಿಲು ಕಾಯುವವರು, ಟಪಾಲು ಒಯ್ಯುವವರು ಸಾಯುವ ಪ್ರಮಾಣ ಮೇಲಿನ ಅಧಿಕಾರಿಗಳಿಗಿಂತ ಸುಮಾರು ಮೂರು ಪಟ್ಟು ಇತ್ತು. ಅದೂ ಮೆಟ್ಟಿಲು ಮೆಟ್ಟಿಲಾಗಿ: ಹುದ್ದೆ ಒಂದು ಮೆಟ್ಟಿಲು ಇಳಿದಂತೆ ಸಾವು ಒಂದು ಮೆಟ್ಟಿಲು ಏರಿತ್ತು. ಸಿಗರೇಟು, ಬಿಪಿ ಎಲ್ಲ ಲೆಕ್ಕ ಹಾಕಿ ಕಳೆದರೂ ವ್ಯತ್ಯಾಸ ಅಳಿಯಲಿಲ್ಲ.

ಹಾಗಾದರೆ ಏನು ಕಾರಣ? 1985ರಲ್ಲಿ ಮೈಕಲ್ ಮಾರ್ಮೋಟ್ ಎಂಬ ವೈದ್ಯರ ನೇತೃತ್ವದಲ್ಲಿ ಎರಡನೆಯ ಅಧ್ಯಯನ ಶುರುವಾಯಿತು. ಈ ಸಲ ಹೆಣ್ಣುಮಕ್ಕಳೂ ಸೇರಿ 10,308 ಮಂದಿ. ಕೆಲಸ ಹೇಗೆ ಮಾಡಬೇಕು ಅನ್ನುವುದು ನಿಮ್ಮ ಕೈಯಲ್ಲಿದೆಯೇ? ಯಾವಾಗ ಸ್ವಲ್ಪ ಬಿಡುವು ತೆಗೆದುಕೊಳ್ಳಬೇಕು ಅಂತ ನೀವೇ ತೀರ್ಮಾನಿಸಬಹುದೇ? ಇಂಥ ಪ್ರಶ್ನೆ ಕೇಳಿದರು. "ಇಲ್ಲ" ಅಂದವರಿಗೆ ಮುಂದೆ ಹೃದಯದ ಕಾಯಿಲೆ ಹೆಚ್ಚು ಬಂತು. ಕುರ್ಚಿ ಸಣ್ಣದಾದಷ್ಟೂ ಹಿಡಿತ ಕಡಿಮೆ, ಹಿಡಿತ ಕಡಿಮೆಯಾದಷ್ಟೂ ಎದೆಗೆ ಪೆಟ್ಟು. ಇದು ಗೊತ್ತಿದ್ದೂ ನಾವು ವರ್ಷಕ್ಕೊಂದು ದಿನ ಪ್ರೇರಣಾ ಭಾಷಣ ಇಟ್ಟು, ಚಹಾ ಕುಡಿಸಿ, ಕೈ ತೊಳೆದುಕೊಳ್ಳುತ್ತೇವೆ. ಕೆಲಸ ಮೊದಲಿದ್ದ ಹಾಗೇ ಇದ್ದರೆ ಭಾಷಣದಿಂದ ಏನೂ ಆಗುವುದಿಲ್ಲ.

ಇನ್ನು ಗುರುತಿಸುವುದು. ಸ್ವಭಾವ ನೋಡಬೇಡಿ, ಬದಲಾವಣೆ ನೋಡಿ. ಮೊದಲಿನಿಂದ ಮಾತು ಕಡಿಮೆ ಇದ್ದವರು ಸುಮ್ಮನಿದ್ದರೆ ಚಿಂತೆ ಇಲ್ಲ. ಮಾತಾಡುತ್ತಿದ್ದವರು ಚಹಾದ ಹೊತ್ತಿಗೆ ಒಬ್ಬರೇ ಹೋಗಿ ಕೂತರೆ, ವರ್ಷಗಟ್ಟಲೆ ತಪ್ಪದ ಕ್ಯಾಷಿಯರ ಲೆಕ್ಕ ಒಂದೇ ವಾರದಲ್ಲಿ ಎರಡು ಸಲ ತಾಳೆಯಾಗದಿದ್ದರೆ, ಎಲ್ಲದಕ್ಕೂ "ಆಯ್ತ್ರಿ ಸರ್" ಅನ್ನುತ್ತ ಒಂದೂ ಆಗದಿದ್ದರೆ ಎಚ್ಚರವಾಗಿ. ಹಾಜರಿ ಪುಸ್ತಕದ ಹಿಂದಿನ ಮೂರು ತಿಂಗಳ ಹಾಳೆ ತೆಗೆದು, ಒಂದೊಂದೇ ದಿನದ ರಜೆಗಳಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿ. ಒಬ್ಬರ ಹೆಸರಿನ ಮುಂದೆ ಸೋಮವಾರಗಳೇ ಸುತ್ತಿಕೊಂಡರೆ ಅವರೊಂದಿಗೆ ಕೂತು ಮಾತಾಡುವ ಹೊತ್ತು ಬಂದಿದೆ.

ಮಾತು ನಾಲ್ಕು ಜನರ ಮುಂದೆ ಬೇಡ. ಹದಿನೈದು ನಿಮಿಷ, ಬಾಗಿಲು ಮುಚ್ಚಿ, ಫೋನು ಮಗುಚಿಟ್ಟು. "ನಿನಗೇನಾಗೇದ?" ಅಂತ ಕೇಳಿದರೆ "ಏನಿಲ್ರಿ" ಅನ್ನುವ ಉತ್ತರ ಸಿದ್ಧವಿರುತ್ತದೆ. "ಈ ವಾರ ಯಾವ ಕೆಲಸ ಭಾಳ ತ್ರಾಸ ಕೊಟ್ತು?" ಅಂತ ಕೇಳಿ. ಕೇಳಿ ಸುಮ್ಮನಿರಿ. ಅವರು ತಡೆದರೆ ನೀವು ತುಂಬಬೇಡಿ. ಹೇಳಿದ್ದರಲ್ಲಿ ನೀವು ಸರಿಪಡಿಸಬಲ್ಲ ಒಂದನ್ನು ಬರೆದುಕೊಂಡು, ಏಳು ದಿನದೊಳಗೆ ಅದನ್ನು ಮಾಡಿ, ಹೋಗಿ ತಿಳಿಸಿ. ಮಾತು ಕೊಟ್ಟು ಮರೆತರೆ ಅವರು ಎರಡನೆಯ ಸಲ ಬಾಯಿ ಬಿಡುವುದಿಲ್ಲ.

ಹಿಡಿತ ಕೊಡುವುದು ಅಂದರೆ ಹೀಗೆ. ತೊಗರಿ ಸುಗ್ಗಿಯಲ್ಲಿ ಮಿಲ್ಲಿಗೆ ರಾತ್ರಿ ಎಂಟಕ್ಕೆ ಲಾರಿ ಬರುತ್ತದೆ, ಆಗ ಫೋನು: "ಈಗೇ ಬರ್ರಿ." ಊಟದ ತಾಟಿನ ಮುಂದಿನಿಂದ ಎದ್ದು ಬರಬೇಕು. ಅದೇ ಲಾರಿ ಬರುವ ಹೊತ್ತನ್ನು ಸಂಜೆ ನಾಲ್ಕಕ್ಕೆ ಹಲಗೆಯ ಮೇಲೆ ಬರೆದು, ಯಾರು ಇವತ್ತು, ಯಾರು ನಾಳೆ ಅನ್ನುವುದನ್ನು ಹಮಾಲರೇ ಹಂಚಿಕೊಳ್ಳಲಿ. ಮೂಟೆ ಅಷ್ಟೇ, ಕೂಲಿ ಅಷ್ಟೇ, ಆದರೆ ರಾತ್ರಿ ಅವರದಾಯಿತು. ಕಚೇರಿಯಲ್ಲಾದರೆ ಮುಂದಿನ ವಾರದ ಡ್ಯೂಟಿ ಪಟ್ಟಿ ಗುರುವಾರವೇ ಹಾಕಿ. ಫೈಲು ನೋಡುವವರನ್ನು ದಿನಕ್ಕೆ ಎರಡು ತಾಸು ಯಾರೂ ಕರೆಯಬಾರದು, ಆ ಎರಡು ತಾಸು ಯಾವುದು ಅನ್ನುವುದು ಅವರ ಆಯ್ಕೆ. ರಾತ್ರಿ ಎಂಟರ ಮೇಲೆ ವಾಟ್ಸಾಪ್ ಗುಂಪಿಗೆ ಆದೇಶ ಹಾಕಬೇಡಿ.

ಇಲ್ಲೊಂದು ತಪ್ಪು ನಡೆಯುತ್ತದೆ. "ನೀನೇ ನೋಡ್ಕೋ" ಅಂತ ಕೆಲಸ ಒಗೆದು ಹೋಗುವುದನ್ನು ಕೆಲವರು ಹಿಡಿತ ಕೊಟ್ಟೆವು ಅಂದುಕೊಳ್ಳುತ್ತಾರೆ. ಖರ್ಚು ಮಾಡುವ, ಇಲ್ಲ ಅನ್ನುವ ಅಧಿಕಾರ ಕೊಡದೆ ಹೊಣೆ ಮಾತ್ರ ಕೊಟ್ಟರೆ ಒತ್ತಡ ಇಮ್ಮಡಿ. ನಮ್ಮ ಬಿಸಿಲನ್ನೇ ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಈ ಕಲಬುರಗಿ ಭಾಗದ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಅಂತ ಬದಲಾಗುತ್ತದಲ್ಲ, "ಬಿಸಿಲು ತಡಕೊಳ್ಳೋದು ಕಲೀರಿ" ಅಂತ ಯಾರೂ ಅನ್ನಲಿಲ್ಲ, ವೇಳೆಯನ್ನೇ ಬದಲಿಸಿದರು. ಒತ್ತಡಕ್ಕೂ ಹಾಗೇ ಮಾಡಿ.

ಬ್ರಿಟನ್ನಿನ ಸುರಕ್ಷತಾ ಇಲಾಖೆ ಒತ್ತಡಕ್ಕೆ ಆರು ಮೂಲ ಹೇಳುತ್ತದೆ: ಹೊರೆ, ಹಿಡಿತ, ಆಸರೆ, ಪರಸ್ಪರ ಸಂಬಂಧ, ಯಾರ ಹೊಣೆ ಏನು ಅನ್ನುವ ಸ್ಪಷ್ಟತೆ, ಬದಲಾವಣೆ ತರುವ ರೀತಿ. ಉಳಿದ ಐದಕ್ಕೆ ನನಗೆ ಸಮಯ ಉಳಿದಿಲ್ಲ. ಹಿಡಿತದಿಂದ ಶುರು ಮಾಡಿ.

ಒಂದು ಮಾತ್ರ ಬಿಡುವಂತಿಲ್ಲ. ಯಾರಿಗಾದರೂ ಎರಡು ವಾರದಿಂದ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, "ಸಾಕಾಗೇದ್ರಿ ಜೀವನ" ಅನ್ನುವ ಮಾತು ಬಂತು ಅಂದರೆ ನೀವೇ ವೈದ್ಯರಾಗಬೇಡಿ, ಅವರನ್ನು ಒಂಟಿಯಾಗಿ ಬಿಡಲೂ ಬೇಡಿ. ಮನಸ್ಸಿನ ಆರೋಗ್ಯಕ್ಕೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಹಗಲು ರಾತ್ರಿ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹಾಜರಿ ಪುಸ್ತಕ ಇಡುವ ಟೇಬಲ್ಲಿನ ಮೇಲಿನ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ: 14416. ಒಂದು, ನಾಲ್ಕು, ನಾಲ್ಕು, ಒಂದು, ಆರು.

ನಮಸ್ಕಾರ.